ಎರಡನೇ ಇಂಜೆಕ್ಟರ್ ಮಾಡ್ಯೂಲೂ ಕೈಕೊಟ್ಟ ಮೇಲೆ ನಾನು ಅಳೆದು ನೋಡಿದ್ದು

ನನ್ನ ಗಾಡಿಗೆ ತೊಂದರೆ ಇದ್ದದ್ದು ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ. ಸೆಲ್ಫ್ ತುಂಬಾ ಹೊತ್ತು ಹೊಡೆಯಬೇಕಿತ್ತು. ಇಂಜಿನ್ ಹಿಡಿದರೂ ಎರಡು ಮೂರು ನಿಮಿಷ ಮಿಸ್ ಹೊಡೆಯುತ್ತಾ ಬಿಳಿ ಹೊಗೆ ಬಿಡುತ್ತಿತ್ತು. ಬಿಸಿಯಾದ ಮೇಲೆ ಏನೂ ಆಗಿರಲೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು. ನನ್ನದು ಆರು ಸಿಲಿಂಡರಿನ ಡೀಸೆಲ್ ಗಾಡಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ನಡೆಸೋದಕ್ಕೆ ಅದರಲ್ಲಿ ಬೇರೆಯೇ ಒಂದು ಮಾಡ್ಯೂಲ್ ಇದೆ. ಸ್ಕ್ಯಾನರ್ ಹಾಕಿದರೆ ಪಿ0611 ಬಂತು, ಅಂದರೆ ಇಂಜೆಕ್ಟರ್ ಕಂಟ್ರೋಲ್ ಮಾಡ್ಯೂಲ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಜೊತೆಗೆ ಪಿ0201ರಿಂದ ಪಿ0206ರವರೆಗೆ ಸಾಲಾಗಿ ಆರು ಕೋಡ್, ಒಂದೊಂದು ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟಿಗೆ ಒಂದೊಂದು.

ಆರು ಇಂಜೆಕ್ಟರ್ ಒಂದೇ ದಿನ ಹಾಳಾಗುವುದಿಲ್ಲ, ಅಲ್ವಾ? ಆರಕ್ಕೂ ಸೇರಿದ ಯಾವುದೋ ಒಂದು ಕೆಟ್ಟಿರಬೇಕು. ಅಲ್ಲಿಯವರೆಗೆ ನನ್ನ ಯೋಚನೆ ಸರಿಯಾಗಿಯೇ ಇತ್ತು. ಮಾಡ್ಯೂಲಿನ ಔಟ್‌ಪುಟ್ ಅಳೆದೆ. ಕೀ ಆನ್ ಮಾಡಿದಾಗ 47.5 ವೋಲ್ಟ್, ಸೆಲ್ಫ್ ಹೊಡೆಯುವಾಗ 38. ಮಾಡ್ಯೂಲ್ ಹೋಗಿದೆ ಅಂದುಕೊಂಡು ಬದಲಿಸಿದೆ. ಗಾಡಿ ಚೆನ್ನಾಗಿ ಓಡಿತು. ನಾಲ್ಕು ತಿಂಗಳಿಗೆ ಅದೇ ಹೊಗೆ, ಅದೇ ಕೋಡ್‌ಗಳು ವಾಪಸ್ ಬಂದವು.

ಇಲ್ಲಿ ಮಾಡ್ಯೂಲಿನ ಕೆಲಸ ಏನು ಅಂತ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಸಾಮಾನ್ಯ ಪೆಟ್ರೋಲ್ ಪೋರ್ಟ್ ಇಂಜೆಕ್ಟರ್ ಕಾಯಿಲ್ 12ರಿಂದ 16 ಓಮ್ ಇರುತ್ತದೆ, ಬ್ಯಾಟರಿಯ 12 ವೋಲ್ಟ್ ಅದಕ್ಕೆ ಸಾಕು. ಡೀಸೆಲ್ ಇಂಜೆಕ್ಟರ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತೆರೆದು ಮುಚ್ಚಬೇಕು. ಕಾಯಿಲ್‌ನಲ್ಲಿ ಕರೆಂಟ್ ಅಷ್ಟು ಬೇಗ ಏರಬೇಕಾದರೆ ವೋಲ್ಟೇಜ್ ಜಾಸ್ತಿ ಬೇಕು. ಅದಕ್ಕೇ ನನ್ನ ಗಾಡಿಯ ಮಾಡ್ಯೂಲ್ 12 ವೋಲ್ಟನ್ನು 48ಕ್ಕೆ ಏರಿಸಿ ಕೊಡುತ್ತದೆ. 45ಕ್ಕಿಂತ ಕೆಳಗೆ ಇಳಿದರೆ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಈ ಅಂಕಿ ಎಲ್ಲಾ ಗಾಡಿಗೂ ಒಂದೇ ಅಲ್ಲ, ಕಾಯಿಲ್ ಬದಲು ಹರಳಿನಿಂದ ತೆರೆಯುವ ಪೀಜೋ ಇಂಜೆಕ್ಟರ್ ಇರುವ ಇಂಜಿನ್‌ಗಳಲ್ಲಿ 100 ವೋಲ್ಟ್ ದಾಟುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡಿಯೇ ಮೀಟರ್ ಹಿಡಿಯಿರಿ.

ಏರಿಸುವುದು ಸುಮ್ನೆ ಆಗುವ ಕೆಲಸ ಅಲ್ಲ. ಹೊರಗೆ 120 ವ್ಯಾಟ್ ಕೊಡಬೇಕು ಅಂದರೆ ಒಳಗೆ ಕಡೇಪಕ್ಷ ಅಷ್ಟಾದರೂ ಬರಬೇಕು. 12 ವೋಲ್ಟ್ ಬರುತ್ತಿದ್ದರೆ 10 ಆಂಪಿಯರ್ ಸಾಕು. 9 ವೋಲ್ಟ್ ಮಾತ್ರ ಬರುತ್ತಿದ್ದರೆ 13ಕ್ಕಿಂತ ಜಾಸ್ತಿ ಎಳೆಯಬೇಕು. ಹಾಗೆ ಎಳೆದಾಗ ಒಳಗಿನ ಭಾಗಗಳು ಕಾಯುತ್ತವೆ, ಸೋಲ್ಡರ್ ದಿನಾ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಬೆಳಿಗ್ಗೆ ಮಾತ್ರ ತೊಂದರೆ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ತಣ್ಣಗಿರುವಾಗ ಬ್ಯಾಟರಿಗೆ ಶಕ್ತಿ ಕಡಿಮೆ, ಆಯಿಲ್ ಗಟ್ಟಿ, ಸೆಲ್ಫ್ ಮೋಟರ್ ಜಾಸ್ತಿ ಕರೆಂಟ್ ತಿನ್ನುತ್ತದೆ, ಮಾಡ್ಯೂಲಿಗೆ ಉಳಿಯುವ ವೋಲ್ಟೇಜ್ ಅಷ್ಟಕ್ಕಷ್ಟೆ.

ಮೊದಲ ಸಲ ನಾನು ಮಾಡ್ಯೂಲಿನಿಂದ ಹೊರಗೆ ಹೋಗುವುದನ್ನು ಅಳೆದಿದ್ದೆ. ಒಳಗೆ ಬರುವುದನ್ನು ಅಳೆದಿರಲಿಲ್ಲ.

ಈ ಸಲ ರಾತ್ರಿಯೆಲ್ಲಾ ಗಾಡಿ ಮುಟ್ಟದೆ ಬಿಟ್ಟು ಬೆಳಿಗ್ಗೆ ಶುರು ಮಾಡಿದೆ. ಬಿಸಿ ಇಂಜಿನ್ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ, ಎಲ್ಲಾ ಸರಿ ಅಂತಲೇ ತೋರಿಸುತ್ತದೆ. ಮಲ್ಟಿಮೀಟರನ್ನು ಮಿನ್-ಮ್ಯಾಕ್ಸ್‌ಗೆ, ಅಂದರೆ ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಳತೆ ಹಿಡಿದಿಡುವ ಕಡೆಗೆ, ಇಟ್ಟುಕೊಂಡೆ. ಕುಸಿತ ಒಂದು ಕ್ಷಣದ್ದು, ಮಾಮೂಲಿ ಡಿಸ್‌ಪ್ಲೇಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. "ಅಣ್ಣಾ, ಹೊಡೀಲಾ?" ಅಂತ ತಮ್ಮ ಸೀಟಿನಿಂದ ಕೂಗುತ್ತಿದ್ದ, ನಾನು ಹೂಂ ಅಂದಾಗ ಸೆಲ್ಫ್ ಹೊಡೆಯುತ್ತಿದ್ದ.

ಸೆಲ್ಫ್ ಹೊಡೆಯುವಾಗ ಬ್ಯಾಟರಿ ಟರ್ಮಿನಲ್‌ಗಳ ಮೇಲೆ 10.4 ವೋಲ್ಟ್. ಬ್ಯಾಟರಿಯದ್ದು ತಪ್ಪಿಲ್ಲ, 9.6ಕ್ಕಿಂತ ಕೆಳಗೆ ಹೋಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಮಾಡ್ಯೂಲಿನ ಕನೆಕ್ಟರಿನಲ್ಲಿ 8.7. ನಡುವೆ 1.7 ವೋಲ್ಟ್ ಎಲ್ಲೋ ಸೋರಿಹೋಗುತ್ತಿದೆ!

ಎಲ್ಲಿ ಅಂತ ಹುಡುಕಲು ವೋಲ್ಟೇಜ್ ಡ್ರಾಪ್ ಪರೀಕ್ಷೆಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಮಾಡ್ಯೂಲಿನ ಅರ್ಥ್ ಪಿನ್‌ಗೆ, ಆಮೇಲೆ ಸೆಲ್ಫ್. 0.1 ವೋಲ್ಟ್, ಅರ್ಥ್ ಚೆನ್ನಾಗಿದೆ. ಪಾಸಿಟಿವ್ ಕಡೆ ಹೀಗೇ ಹಿಡಿದರೆ 1.6. ಅದನ್ನು ತುಂಡು ತುಂಡಾಗಿ ಅಳೆಯುತ್ತಾ ಹೋದೆ: ಬ್ಯಾಟರಿಯಿಂದ ರಿಲೇವರೆಗೆ (ಮಾಡ್ಯೂಲಿಗೆ ಕರೆಂಟ್ ಬಿಡುವ ಸ್ವಿಚ್) 0.2, ರಿಲೇ ದಾಟಿ ಮಾಡ್ಯೂಲಿನವರೆಗೆ 0.1, ಉಳಿದ 1.3 ಪೂರ್ತಿ ರಿಲೇಯ ಆಚೆ ಈಚೆ. ರಿಲೇ ಕಿತ್ತು ನೋಡಿದರೆ ಸಾಕೆಟ್ ಒಳಗಿನ ಒಂದು ಟರ್ಮಿನಲ್ ಕಂದು ಬಣ್ಣಕ್ಕೆ ತಿರುಗಿ ಸಡಿಲ ಆಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಕರಗಿತ್ತು.

ಇದೇ ದಾರಿಯನ್ನು ನಾನು ಹಿಂದೆ ಓಮ್ ಮೀಟರಿನಲ್ಲಿ ನೋಡಿದ್ದೆ, ಹೆಚ್ಚುಕಡಿಮೆ ಸೊನ್ನೆ ತೋರಿಸಿತ್ತು. ಓಮ್ ಮೀಟರ್ ಬಿಡುವ ಕರೆಂಟ್ ತೀರಾ ಚಿಕ್ಕದು. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸರಿ ಅನ್ನಿಸುತ್ತದೆ. ಹತ್ತು ಆಂಪಿಯರ್ ಹರಿಯಬೇಕಾದ ಜಾಗವನ್ನು ಭಾರ ಹೇರಿಯೇ ನೋಡಬೇಕು. ಸೆಲ್ಫ್ ಹೊಡೆಯಲು ಜೊತೆಗೆ ಯಾರೂ ಇಲ್ಲದಿದ್ದರೆ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಒಂದನ್ನು ಆ ವೈರಿಗೆ ಕಟ್ಟಿ ಉರಿಸಿ. ಅದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಕೆಟ್ಟ ಜಾಯಿಂಟ್ ಇದ್ದರೆ ಬಲ್ಬ್ ಮಂಕಾಗುತ್ತದೆ.

ಟರ್ಮಿನಲ್ ಬದಲಿಸಿ ಹೊಸದಾಗಿ ಕ್ರಿಂಪ್ ಮಾಡಿದೆ, ರಿಲೇಯನ್ನೂ ಹೊಸದು ಹಾಕಿದೆ. ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಮಾಡ್ಯೂಲಿಗೆ 10.1 ವೋಲ್ಟ್ ಬಂತು, ಔಟ್‌ಪುಟ್ 46.8. ಹೊಗೆ ಇಲ್ಲ.

ಹಾಗಾದರೆ ತೆಗೆದಿಟ್ಟಿದ್ದ ಮೊದಲ ಮಾಡ್ಯೂಲ್ ಚೆನ್ನಾಗಿಯೇ ಇತ್ತಾ? ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು, ಅದನ್ನೇ ಒಂದು ದಿನ ಹಾಕಿ ನೋಡಿದೆ. ಒಳಗೆ 10.1 ಬಂದರೂ ಹೊರಗೆ 39. ಅದು ನಿಜವಾಗಿಯೇ ಕೆಟ್ಟಿತ್ತು. ಬಿಚ್ಚಿ ಭೂತಗನ್ನಡಿ ಹಿಡಿದರೆ ದಪ್ಪ ಪಿನ್‌ಗಳ ಸುತ್ತ ಸೋಲ್ಡರಿನಲ್ಲಿ ಕೂದಲೆಳೆಯಂಥ ಉಂಗುರದ ಬಿರುಕುಗಳು. ಅಂದರೆ ಮಾಡ್ಯೂಲ್ ಹೋಗಿದೆ ಅಂತ ಮೊದಲ ಸಲ ಹೇಳಿದ್ದು ತಪ್ಪಲ್ಲ, ಅದನ್ನು ಕೊಂದದ್ದು ಯಾವುದು ಅಂತ ಕೇಳಲಿಲ್ಲ, ಅದೇ ತಪ್ಪು. ಹಳೆ ಸೋಲ್ಡರ್ ತೆಗೆದು ಹೊಸದು ಹಾಕಿದ ಮೇಲೆ ಅದೂ 47ಕ್ಕೆ ಬಂತು, ಈಗ ಸ್ಪೇರ್ ಆಗಿ ಇಟ್ಟಿದ್ದೇನೆ.

ಎರಡು ದಿನ ಬಿಟ್ಟು ಪಿ0203 ಒಂದೇ ವಾಪಸ್ ಬಂತು. ಒಂದೇ ಸಿಲಿಂಡರಿನ ಕೋಡ್ ಅಂದರೆ ಲೆಕ್ಕ ಬೇರೆ: ಆ ಇಂಜೆಕ್ಟರ್, ಅದರ ವೈರ್, ಇಲ್ಲವೇ ಮಾಡ್ಯೂಲಿನಲ್ಲಿ ಅದಕ್ಕೆ ಮೀಸಲಾದ ಡ್ರೈವರ್ ಸರ್ಕ್ಯೂಟ್. ಕಾಯಿಲ್ ಅಳತೆ ಉಳಿದ ಐದರ ಹಾಗೇ ಇತ್ತು. ಇಂಜಿನ್ ಓಡುವಾಗ ಉದ್ದನೆ ಮರದ ಕಡ್ಡಿಯಿಂದ ವೈರಿಂಗ್ ಕಟ್ಟನ್ನು ಅಲ್ಲಾಡಿಸುತ್ತಾ ಹೋದೆ. ಒಂದು ಬ್ರಾಕೆಟ್ ಹತ್ತಿರ ಮಿಸ್ ಹೊಡೆಯಿತು. ಅಲ್ಲಿ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿ ಒಳಗಿನ ತಾಮ್ರ ಹಸಿರಾಗಿ ತುಂಡಾಗುವ ಹಂತದಲ್ಲಿತ್ತು. ಜೋಡಿಸಿ, ಸ್ಲೀವ್ ಹಾಕಿ, ಬ್ರಾಕೆಟ್‌ನಿಂದ ದೂರ ಕಟ್ಟಿದೆ.

ಕಡ್ಡಿ ಹಿಡಿದದ್ದಕ್ಕೆ ಕಾರಣ ಇದೆ. ಆ ವೈರುಗಳಲ್ಲಿ 48 ವೋಲ್ಟ್ ದೊಡ್ಡ ಕರೆಂಟಿನ ಜೊತೆ ಹರಿಯುತ್ತದೆ, ಇಂಜಿನ್ ಓಡುವಾಗ ದಯವಿಟ್ಟು ಬರಿಗೈ ಹಾಕಬೇಡಿ. ಕನೆಕ್ಟರ್ ಬಿಚ್ಚುವ ಮೊದಲು ಕೀ ಆಫ್, ಬ್ಯಾಟರಿ ನೆಗೆಟಿವ್ ಬಿಡಿಸಿ, ಮಾಡ್ಯೂಲಿನಲ್ಲಿ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಖಾಲಿಯಾಗಲು ಕೆಲವು ನಿಮಿಷ ಕಾಯಿರಿ. ಅಳೆಯಲು ವೈರಿಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದ ನೀರು ಇಳಿದು ಮುಂದೆ ಇದೇ ಹಸಿರು ತಾಮ್ರ ಸಿಗುತ್ತದೆ. ಕನೆಕ್ಟರಿನ ಹಿಂಬದಿಯಿಂದ ತೆಳುವಾದ ಪಿನ್ ಇಳಿಸಿ ಅಳೆಯಿರಿ.

ಈಗ ಏಳು ತಿಂಗಳಾಯಿತು. ತಿಂಗಳಿಗೊಮ್ಮೆ ತಣ್ಣಗಿರುವಾಗ ಒಳಗಿನ ಮತ್ತು ಹೊರಗಿನ ವೋಲ್ಟೇಜ್ ಎರಡನ್ನೂ ಬರೆದಿಡುತ್ತಿದ್ದೇನೆ. ಕಳೆದ ಸಲದ್ದು 10.0 ಮತ್ತು 46.7.