ನೆಲ್ಲಿ ಕೊಂಬೆ, ಹುಣಸೆ ಕೊಂಬೆ ಮತ್ತು ಒಂದು ಪುಟ್ಟ ಮೊಗ್ಗು

ಹೈಸ್ಕೂಲಿನಲ್ಲಿ ಕಲಿಸಲು ಶುರು ಮಾಡಿದ ವರ್ಷ ಎಲೆಯ ಪಾಠವನ್ನು ಚಾರ್ಟ್ ತೋರಿಸಿಯೇ ಮುಗಿಸಿದ್ದೆ. ಮಾವು ಸರಳ ಎಲೆ, ಬೇವು ಸಂಯುಕ್ತ ಎಲೆ, ಅಂದರೆ ಹಲವು ಪುಟ್ಟ ಎಲೆ ಸೇರಿ ಒಂದೇ ಎಲೆ. ಆಗ ಒಬ್ಬ ಹುಡುಗಿ ಕೇಳಿದಳು: "ಮಿಸ್, ಬೇವಿನದ್ದು ಅಷ್ಟೂ ಸೇರಿ ಒಂದೇ ಎಲೆ ಅಂತ ಹೇಗೆ ಹೇಳ್ತೀರಿ? ಅದು ಸಣ್ಣ ಕೊಂಬೆ ಯಾಕಾಗಬಾರದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಹಿತ್ತಲಿನ ಕರಿಬೇವಿನಲ್ಲಿ. ಒಂದು ಎಸಳು ಕೊಂಬೆಗೆ ಸೇರುವ ಸಂದಿಯನ್ನು 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಹಿಡಿದು ನೋಡಿದೆ. ಅಲ್ಲಿ ಸಾಸಿವೆಗಿಂತ ಚಿಕ್ಕದಾದ ಹಸಿರು ಮೊಗ್ಗು ಇತ್ತು. ಎಸಳಿನ ಕಡ್ಡಿಯ ಉದ್ದಕ್ಕೂ ಇರುವ ಪುಟ್ಟ ಎಲೆಗಳ ಬುಡವನ್ನೂ ಒಂದೊಂದಾಗಿ ನೋಡಿದೆ. ಎಲ್ಲೂ ಮೊಗ್ಗಿಲ್ಲ. ಎಲೆ ಕಾಂಡಕ್ಕೆ ಸೇರುವ ಆ ಸಂದಿಯೇ ಕಂಕುಳು. ಲ್ಯಾಟಿನ್‌ನಿಂದ ಬಂದ ಸಸ್ಯಶಾಸ್ತ್ರದ ಪದಕ್ಕೂ ಅದೇ ಅರ್ಥ. ಕೊಂಬೆಯೋ ಹೂವೋ ಹೊರಡುವುದು ಈ ಕಂಕುಳ ಮೊಗ್ಗಿನಿಂದ. ಅದು ಇರುವುದು ಪೂರ್ತಿ ಎಲೆಯ ಬುಡದಲ್ಲಿ, ಎಲೆಯ ಭಾಗಗಳ ಬುಡದಲ್ಲಲ್ಲ. ಅಂದರೆ ಕರಿಬೇವಿನ ಇಡೀ ಎಸಳು ಒಂದು ಎಲೆ, ನಾವು ಎಲೆ ಅನ್ನುವುದು ಕಿರುಎಲೆ. ಅಡುಗೆಮನೆಯಲ್ಲಿ ಮೊದಲಿಂದಲೂ 'ಒಂದು ಎಸಳು' ಅಂತ ಸರಿಯಾಗಿಯೇ ಎಣಿಸುತ್ತಾ ಬಂದಿದ್ದೇವೆ, ಅಲ್ವಾ?

ತೀರಾ ಎಳೆ ಕುಡಿಯಲ್ಲಿ ಮೊಗ್ಗು ಸುಲಭಕ್ಕೆ ಕಾಣುವುದಿಲ್ಲ. ಸ್ವಲ್ಪ ಬಲಿತ ಕೊಂಬೆಯನ್ನೇ ಆರಿಸಬೇಕು.

ಆ ವರ್ಷದ ತುಳಸಿ ಹಬ್ಬಕ್ಕೆ ಕಟ್ಟೆಯಲ್ಲಿ ನೆಡಲು ನೆಲ್ಲಿ ಮತ್ತು ಹುಣಸೆ ಕೊಂಬೆ ತಂದಿದ್ದೆವು. ಎರಡನ್ನೂ ಪಕ್ಕಪಕ್ಕ ಹಿಡಿದರೆ ಎಲೆಗಳು ಒಂದೇ ಥರ. ಕಡ್ಡಿಯ ಎರಡೂ ಕಡೆ ಸಾಲಾಗಿ ಪುಟ್ಟ ಪುಟ್ಟ ಎಲೆ. ಹುಣಸೆಯದ್ದು ಕರಿಬೇವಿನ ಹಾಗೆಯೇ, ಮೊಗ್ಗು ಬುಡದಲ್ಲಿ ಮಾತ್ರ. ನೆಲ್ಲಿಯಲ್ಲಿ ಮಾತ್ರ ನಾನು ಎಲೆಯ ಕಡ್ಡಿ ಅಂದುಕೊಂಡಿದ್ದಕ್ಕೇ ಕಾಯಿ ಅಂಟಿಕೊಂಡಿತ್ತು! ಕಿರುಎಲೆಯ ಕಂಕುಳಲ್ಲಿ ಕಾಯಿ ಬಿಡುವುದಿಲ್ಲ. ಆ ಕಡ್ಡಿ ನಿಜವಾಗಿ ಸಣ್ಣ ಕೊಂಬೆ, ಅದರ ಮೇಲಿನ ಒಂದೊಂದು ಪುಟ್ಟ ಹಸಿರೂ ಪೂರ್ತಿ ಎಲೆ. ಕೊಂಬೆಯಾದರೂ ಅದು ಎಲೆಯ ಹಾಗೆ ಇಡಿಯಾಗಿ ಉದುರಿಹೋಗುತ್ತದೆ, ಅದಕ್ಕೇ ಮೋಸ ಜಾಸ್ತಿ. ಆ ಹುಡುಗಿಯ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ಆಗ ಗೊತ್ತಾಯಿತು. ಬೇವಿನಲ್ಲಿ ಅಲ್ಲದಿದ್ದರೂ ನೆಲ್ಲಿಯಲ್ಲಿ ಅವಳು ಹೇಳಿದ್ದೇ ನಿಜ.

ಮರುದಿನ ಎರಡೂ ಕೊಂಬೆಯನ್ನು ತರಗತಿಗೆ ಒಯ್ದು ಅವಳ ಕೈಗೇ ಲೆನ್ಸ್ ಕೊಟ್ಟೆ. ಅಂದಿನಿಂದ ಈ ಪಾಠಕ್ಕೆ ಚಾರ್ಟ್ ಬಿಚ್ಚಿಲ್ಲ. 'ಸಂಯುಕ್ತ' ಅನ್ನುವ ಪದವನ್ನು ಕೊನೆಗೆ ಹೇಳುತ್ತೇನೆ, ಮೊದಲು ಮೊಗ್ಗು ಹುಡುಕಿಸುತ್ತೇನೆ. ಆಟದ ಮೈದಾನದ ಅಂಚಿನಲ್ಲಿ ಬೆಳೆಯುವ ನೆಲನೆಲ್ಲಿಯೂ ಇದಕ್ಕೆ ಚೆನ್ನಾಗಿದೆ. ಅದರ ಕಡ್ಡಿಯನ್ನು ತಿರುಗಿಸಿ ನೋಡಿದರೆ ಎಲೆಗಳ ಕೆಳಗೆ ಸಾಲಾಗಿ ಗುಂಡು ಗುಂಡು ಕಾಯಿ. ಮಕ್ಕಳು "ಮಿಸ್, ಇದೂ ಕೊಂಬೆ!" ಅಂತ ಓಡಿ ಬರುತ್ತಾರೆ.