ಧೋ ಎಂದು ಸುರಿದು ಓಡುವ ಮಳೆಯನ್ನು ಬೋರ್‌ವೆಲ್ ಬುಡದಲ್ಲೇ ಇಂಗಿಸಿ

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿ ಉರಿಸಿ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 280 ಇದ್ದದ್ದು 420 ದಾಟಿದೆ. ಅದು ಶಾಖ ಹಿಡಿದಿಟ್ಟು ಗಾಳಿಯನ್ನು ಬಿಸಿಮಾಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಅದಕ್ಕೇ ಮಳೆ ಬಂದರೆ ಒಂದೇ ಏಟಿಗೆ ಸುರಿಯುತ್ತದೆ, ಕೈಕೊಟ್ಟರೆ ವಾರಗಟ್ಟಲೆ ಹನಿಯಿಲ್ಲ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಹೊಲಗಳಲ್ಲಿ ಮೇಲೆ ತೆಳುಮಣ್ಣು, ಕೆಳಗೆ ಗಟ್ಟಿಬಂಡೆ. ಅಂಥ ಮಳೆ ಇಂಗುವ ಮೊದಲೇ ಹಳ್ಳ ಸೇರುತ್ತದೆ.

ಒಂದು ಎಕರೆಗೆ 10 ಮಿ.ಮೀ. ಮಳೆಯೆಂದರೆ 40 ಸಾವಿರ ಲೀಟರ್. ಐದು ಎಕರೆಯಿಂದ ಕಾಲುಭಾಗ ಹರಿದು ಬಂದರೂ 50 ಸಾವಿರ ಲೀಟರ್! ಅದನ್ನು ಬಿಡಬಾರದು.

ಬತ್ತಿದ ಬೋರ್ ಆದರೆ ಮೊದಲು ಒಂದು ಟ್ಯಾಂಕರ್ ನೀರು ಬಿಟ್ಟು ನೋಡಿ. ಬೇಗ ಇಳಿದರೆ ಬಂಡೆಯಲ್ಲಿ ಬಿರುಕಿದೆ, ಬೋರ್ ಸುತ್ತ ಇಂಗುಗುಂಡಿ ಮಾಡಿಸಬಹುದು. ಹಾಗೇ ನಿಂತರೆ ದುಡ್ಡು ಹಾಕಬೇಡಿ.

ಕೇಸಿಂಗ್ (ಬೋರ್‌ನ ಮೇಲ್ಭಾಗಕ್ಕೆ ಇಳಿಸಿರುವ ಪೈಪ್) ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ. ಜೆಸಿಬಿ ಬಕೆಟ್ ಕೇಸಿಂಗ್‌ನಿಂದ ಎರಡಡಿ ದೂರವೇ ಇರಲಿ. ಉಳಿದದ್ದನ್ನು ಗುದ್ದಲಿಯಲ್ಲಿ ಅಗೆಯಿರಿ. ಎರೆಮಣ್ಣು ಕುಸಿಯುತ್ತದೆ, ಅಲ್ಲಿ ಗುಂಡಿಯ ಬದಿಗೆ ಕಲ್ಲು ಕಟ್ಟಿಸಲೇಬೇಕು.

ಗುಂಡಿಯೊಳಗಿನ ಕೇಸಿಂಗ್‌ನ ಕೆಳಗಿನ ಐದಡಿಗೆ ಮಾತ್ರ, ಮೂರು ಇಂಚಿಗೊಂದರಂತೆ, 4–5 ಮಿ.ಮೀ. ತೂತು ಕೊರೆಸಿ. ಅದಕ್ಕೂ ಮೊದಲು ಕರೆಂಟ್ ತೆಗೆದು ಮೋಟಾರ್ ಎತ್ತಿಸಿ. ಡ್ರಿಲ್ ಬಿಟ್ ಒಳಗೆ ನುಗ್ಗಿ ಕೇಬಲ್ ಸೀಳಿದರೆ ರಿಪೇರಿ ಖರ್ಚು ಬೇರೆ. ತೂತಿನ ಮೇಲೆ ಸಣ್ಣ ಕಣ್ಣಿನ ನೈಲಾನ್ ಜಾಲರಿ ಎರಡು ಸುತ್ತು ಸುತ್ತಿ ಹಗ್ಗದಿಂದ ಬಿಗಿಯಿರಿ. ಇದನ್ನು ಬಿಟ್ಟರೆ ಮಣ್ಣು ಬೋರ್‌ಗೇ ಇಳಿದು ಬಿರುಕು ಮುಚ್ಚುತ್ತದೆ. ಆಮೇಲೆ ತೆಗೆಯುವುದು ಬಲು ಕಷ್ಟ.

ತಳದಿಂದ ಐದಡಿ ದಪ್ಪಗಲ್ಲು ತುಂಬಿ. ಪಿವಿಸಿ ಒಡೆಯದಂತೆ ಕೇಸಿಂಗ್ ಸುತ್ತಲಿನ ಕಲ್ಲನ್ನು ಕೈಯಲ್ಲೇ ಜೋಡಿಸಿ. ಅದರ ಮೇಲೆ ಎರಡಡಿ 40 ಮಿ.ಮೀ. ಜಲ್ಲಿ, ಒಂದಡಿ 20 ಮಿ.ಮೀ. ಜಲ್ಲಿ, ಜಾಲರಿ ಹಾಸಿ ಒಂದಡಿ ದಪ್ಪ ಮರಳು. ಮೇಲಿನ ಒಂದಡಿ ನೀರು ನಿಲ್ಲಲು ಖಾಲಿ. ಕೇಸಿಂಗ್ ನೆಲದಿಂದ ಎರಡಡಿ ಮೇಲಿರಲಿ, ಮುಚ್ಚಳ ಭದ್ರವಾಗಿರಲಿ.

ಹೊಲದ ನೀರನ್ನು ನೇರ ಗುಂಡಿಗೆ ಬಿಡಬೇಡಿ, ಹೂಳು ಅದನ್ನು ಕೊಂದುಬಿಡುತ್ತದೆ. ಹದಿನೈದಡಿ ಮೊದಲೇ 6×6 ಅಡಿ, ನಾಲ್ಕಡಿ ಆಳದ ಹೂಳುಗುಂಡಿ ಮಾಡಿ. ಅದರ ಮೇಲ್ಭಾಗದಿಂದ ಆರಿಂಚಿನ ಪೈಪಿನಲ್ಲಿ ತಿಳಿನೀರು ಇಂಗುಗುಂಡಿಗೆ ಬರಲಿ. ಹೆಚ್ಚಾದದ್ದು ಹೊರಹೋಗಲು ಕೋಡಿಯೂ ಬೇಕು. ತಿಪ್ಪೆ, ಕೊಟ್ಟಿಗೆ, ಔಷಧಿ ಹೊಡೆದ ತೋಟದ ನೀರು ಬೇಡವೇ ಬೇಡ. ನೀವು ಕುಡಿಯುವುದೂ ಇದೇ ಬೋರ್ ನೀರು.

ನೀರು ಮೇಲೇರಿದಷ್ಟೂ ಮೋಟಾರಿಗೆ ಕರೆಂಟ್ ಕಡಿಮೆ ಸಾಕು, ಕಲ್ಲಿದ್ದಲೂ ಅಷ್ಟು ಉಳಿಯಿತು. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇದ್ದರೂ ಕೆಲಸ ಮೇ ಒಳಗೇ ಮುಗಿಯಲಿ, ಮುಂಗಾರಿನಲ್ಲಿ ಲೋಪ ಕಾಣಿಸಿಕೊಳ್ಳುತ್ತದೆ. ಪ್ರತಿವರ್ಷ ಹೂಳುಗುಂಡಿ ಬಳಿದು, ಮರಳಿನ ಮೇಲಿನ ಪದರ ಕೆರೆದು ತೆಗೆಯಿರಿ. ಮಳೆ ನಿಂತು ಎರಡು ದಿನವಾದರೂ ನೀರು ಮೇಲೇ ನಿಂತಿದ್ದರೆ ಮರಳನ್ನೆಲ್ಲ ತೆಗೆದು, ತೊಳೆದು ಹಾಕಬೇಕು.