ಏರಿನಲ್ಲಿ ಗಳಿಸಿದ್ದೆಲ್ಲ ಇಳಿಜಾರಿನಲ್ಲಿ ಹೋಯಿತು

ಮಣ್ಣಿನ ದಾರಿಯ ಸೈಕಲ್ ರೇಸು. ಮೊದಲ ಲ್ಯಾಪಿನ ಏರಿನಲ್ಲಿ ಹನ್ನೊಂದು ಜನರನ್ನು ಹಿಂದೆ ಹಾಕಿದೆ. ಎಣಿಸಿದ್ದೇನೆ, ಸುಳ್ಳಲ್ಲ. ಏರು ಮುಗಿದು, ಇಳಿಜಾರು ಶುರುವಾಗಿ ಕೆಳಗೆ ಬರುವಷ್ಟರಲ್ಲಿ ಅವರಲ್ಲಿ ಒಂಬತ್ತು ಜನ "ಸಾರ್, ಬಲಗಡೆ", "ಅಂಕಲ್, ಸೈಡು ಸೈಡು" ಅಂತ ಕೂಗಿಕೊಂಡು ನನ್ನನ್ನು ದಾಟಿ ಹೋದರು. ಒಬ್ಬ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ನನಗೆ ನಲವತ್ತೊಂದು. ಮನೆ ವಿದ್ಯಾರಣ್ಯಪುರ, ಕೆಲಸ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ, ಪಾರ್ಟುಗಳ ಅಳತೆ ನೋಡುವುದು. ಸೈಕಲ್ ಶುರು ಮಾಡಿದ್ದು ಹೊಟ್ಟೆ ಕರಗಿಸಲು, ಎಲ್ಲರ ಹಾಗೆ. ಎಂಟು ತಿಂಗಳಾದ ಮೇಲೆ ಊರಾಚೆ ಒಂದು ತೋಟದಲ್ಲಿ ಮೌಂಟನ್ ಬೈಕ್ ರೇಸು ಇದೆ, ಹೊಸಬರಿಗೆ ಬೇರೆ ವಿಭಾಗ ಇದೆ ಅಂತ ಗೊತ್ತಾಯಿತು. ನಾಲ್ಕೂವರೆ ಕಿಲೋಮೀಟರಿನ ಸುತ್ತು, ಮೂರು ಸಲ. ಒಟ್ಟು ಹದಿಮೂರೂವರೆ. ಇಷ್ಟೇನಾ ಅಂತ ಹೆಸರು ಕೊಟ್ಟುಬಿಟ್ಟೆ. ರಸ್ತೆಯಲ್ಲಿ ಅದು ಅರ್ಧ ಗಂಟೆ ಕೆಲಸ, ಮಣ್ಣಿನಲ್ಲಿ ನನಗೆ ಹಿಡಿದದ್ದು ಒಂದು ಗಂಟೆ ಹನ್ನೆರಡು ನಿಮಿಷ.

ತಯಾರಿ ಅಂತ ನಾನು ಮಾಡಿದ್ದೇನು? ನಂದಿ ಬೆಟ್ಟ. ಬೆಂಗಳೂರಿನಲ್ಲಿ ಸೈಕಲ್ ಹೊಡೆಯುವವರಿಗೆ ಎಲ್ಲ ರೋಗಕ್ಕೂ ಅದೇ ಔಷಧಿ ಅಲ್ವಾ. ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟು, ಯಲಹಂಕ, ದೇವನಹಳ್ಳಿ ದಾಟಿ, ಆ ಸುಮಾರು ಎಂಟು ಕಿಲೋಮೀಟರ್ ಏರನ್ನು ಹತ್ತಿ, 1,478 ಮೀಟರ್ ಎತ್ತರದಲ್ಲಿ ಒಂದು ಟೀ ಕುಡಿದು ವಾಪಸ್. ಆರು ವಾರ ಹೀಗೆ ಮಾಡಿದೆ. ಕಾಲು ನಿಜಕ್ಕೂ ಗಟ್ಟಿಯಾಯಿತು. ಆದರೆ ಆ ಆರು ವಾರದಲ್ಲಿ ಮಣ್ಣಿನ ಮೇಲೆ ಸೈಕಲ್ ಹೊಡೆದದ್ದು ಎರಡೇ ಸಲ, ಅದೂ ಅವಲಹಳ್ಳಿ ಕಾಡಿನ ಹತ್ತಿರ, ಅಗಲವಾದ ದಾರಿಯಲ್ಲಿ, ವಾಯುವಿಹಾರದ ಹಾಗೆ. (ಕಾಡಿನ ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರು ಸೈಕಲ್ ಬಿಡ್ತಾರಾ ಅಂತ ವಿಚಾರಿಸಿಕೊಳ್ಳಿ, ಸುಮ್ನೆ ನುಗ್ಗಬೇಡಿ.)

ಸೈಕಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್, 29 ಇಂಚಿನ ಚಕ್ರ, ಸೆಕೆಂಡ್ ಹ್ಯಾಂಡು. ಹೊಸಬರಿಗೆ ಅದು ಧಾರಾಳ ಸಾಕು. ಡಿಸ್ಕ್ ಬ್ರೇಕು ಇರಲಿ, ಟೈರಿನ ಹಲ್ಲು ಸವೆದಿರದಿರಲಿ, ಅಷ್ಟೇ. ಸಾಲ ಮಾಡಿ ದೊಡ್ಡ ಸೈಕಲ್ ತಗೊಂಡವರೂ ಅವತ್ತು ನನ್ನ ಹಿಂದೆ ಇದ್ದರು, ನನಗಿಂತ ಹಳೇ ಸೈಕಲಿನವರು ಮುಂದೆ ಇದ್ದರು.

ಗಾಳಿಯ ವಿಷಯ ಮಾತ್ರ ಹೇಳಲೇಬೇಕು. ರಸ್ತೆಯ ಅಭ್ಯಾಸದಲ್ಲಿ ನಾನು 45 ಪಿಎಸ್‌ಐ ತುಂಬಿಸಿ ಓಡಿಸುತ್ತಿದ್ದೆ. ಹಿಂದಿನ ದಿನ ನಮ್ಮ ಏರಿಯಾದ ಸೈಕಲ್ ಶಾಪಿನ ಅಣ್ಣ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಇದೇನು ಕಲ್ಲಾ ಸಾರ್?" ಅಂದ. ಗಾಳಿ ಜಾಸ್ತಿ ಇದ್ದರೆ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಕಮ್ಮಿ ಇದ್ದರೆ ಕಲ್ಲಿನ ಆಕಾರಕ್ಕೆ ತಗ್ಗಿ, ನೆಲ ಹಿಡಿದುಕೊಂಡು ಹೋಗುತ್ತದೆ. ಹಾಗಂತ ತೀರಾ ಕಮ್ಮಿ ಮಾಡಿದರೆ ಒಳಗಿನ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ನಾನು 78 ಕಿಲೋ, ನನ್ನದು ಟ್ಯೂಬ್ ಇರುವ ಟೈರು, ಹಾಗಾಗಿ ಮುಂದೆ 30, ಹಿಂದೆ 33ಕ್ಕೆ ಇಳಿಸಿದೆವು. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲೆಂಟ್ ಅನ್ನುವ ತೂತು ಮುಚ್ಚುವ ದ್ರವ ಹಾಕಿಸಿದವರು ಇನ್ನೂ ಕಮ್ಮಿ ಇಟ್ಟುಕೊಳ್ಳುತ್ತಾರೆ, ಜಾಲಿ ಮುಳ್ಳು ಚುಚ್ಚಿದರೂ ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಕಡೆಯ ದಾರಿಗೆ ಅದು ಮಾಡಿಸಿಕೊಳ್ಳಬೇಕಾದ ಖರ್ಚು.

ರೇಸಿನ ದಿನ ಮಾಡಿದ ಮೊದಲ ತಪ್ಪು ಖಾರಾಬಾತು. ಏಳೂವರೆಗೆ ತಿಂದೆ, ಎಂಟಕ್ಕೆ ಬಿಟ್ಟರು. ಮುಂದಿನದು ನೀವೇ ಊಹಿಸಿ. ಎರಡು ಬಾಳೆಹಣ್ಣು ತಿಂದಿದ್ದರೆ ಸಾಕಾಗಿತ್ತು, ತಿಂಡಿ ತಿನ್ನುವುದಾದರೆ ಎರಡು ಗಂಟೆ ಮುಂಚೆಯೇ ತಿನ್ನಬೇಕಿತ್ತು.

ಎರಡನೇ ತಪ್ಪು, ಎಲ್ಲರೂ ನುಗ್ಗಿದರು ಅಂತ ನಾನೂ ನುಗ್ಗಿದೆ. ಇದರಲ್ಲಿ ಸ್ವಲ್ಪ ಲೆಕ್ಕಾಚಾರವೂ ಇದೆ, ಯಾಕೆಂದರೆ ಅಗಲ ದಾರಿ ಮುಗಿದು ಒಬ್ಬರೇ ಹೋಗಬಹುದಾದ ಸಿಂಗಲ್ ಟ್ರ್ಯಾಕ್ ಶುರುವಾದ ಮೇಲೆ ಮುಂದಿನವರನ್ನು ದಾಟುವುದು ಕಷ್ಟ, ಅದಕ್ಕೇ ಅಷ್ಟು ಗಡಿಬಿಡಿ. ಆದರೆ ನಾನು ಏರಿನ ಬುಡಕ್ಕೆ ಬರುವಾಗಲೇ ಏದುಸಿರು ಬಿಡುತ್ತಿದ್ದೆ. ಅಲ್ಲಿ ಇನ್ನೊಂದು ಪಾಠ: ಗೇರು ಏರು ಶುರುವಾಗುವ ಮುಂಚೆ ಇಳಿಸಬೇಕು. ಏರಿನ ಮಧ್ಯೆ ಪೆಡಲನ್ನು ಪೂರ್ತಿ ತುಳಿಯುತ್ತಾ ಬದಲಾಯಿಸಿದರೆ ಚೈನು ಕರಕರ ಅನ್ನುತ್ತದೆ, ಕೆಲವರದ್ದು ತುಂಡಾಗುತ್ತದೆ. ನನ್ನದು ಬಿಚ್ಚಿಕೊಂಡಿತು ಅಷ್ಟೇ, ಕೈಗೆಲ್ಲ ಗ್ರೀಸು.

ಈಗ ಆ ಇಳಿಜಾರು. ನೀಲಗಿರಿ ಮರಗಳ ನಡುವೆ ದಾರಿ. ಒಣ ಎಲೆ, ಕೆಳಗೆ ಗಟ್ಟಿ ಕೆಂಪು ನೆಲ, ಅದರ ಮೇಲೆ ರಾಗಿ ಚೆಲ್ಲಿದ ಹಾಗೆ ಸಣ್ಣ ಜಲ್ಲಿ. ಕೊನೆಯಲ್ಲಿ ಎಡಕ್ಕೆ ಒಂದು ತಿರುವು, ತಿರುವಿನ ಹೊರಗಡೆ ಒಂದು ಬಂಡೆ. ನಾನು ಮೇಲಿಂದಲೇ ಎರಡೂ ಬ್ರೇಕು ಹಿಡಿದುಕೊಂಡು ಬಂದೆ, ಬಂಡೆಯನ್ನೇ ನೋಡುತ್ತಾ ಬಂದೆ. ಬಂಡೆ ನೋಡಿದರೆ ಸೈಕಲ್ ಬಂಡೆಗೇ ಹೋಗುತ್ತದೆ. ಇದು ಗಾದೆಯಲ್ಲ, ನನ್ನ ಎಡ ಮೊಣಕಾಲು ಸಾಕ್ಷಿ. ತಿರುವಿನ ಒಳಗೆ ಮುಂದಿನ ಬ್ರೇಕು ಒತ್ತಿದೆ, ಮುಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು, ನಾನು ಬಿದ್ದೆ. ಬಾಟಲಿ ಅದಕ್ಕೂ ಮುಂಚೆಯೇ ಸ್ಟ್ಯಾಂಡಿನಿಂದ ಹಾರಿ ಪೊದೆ ಸೇರಿತ್ತು. ಉಳಿದ ಎರಡು ಲ್ಯಾಪು ನೀರಿಲ್ಲ.

ಮುಂದಿನ ಬ್ರೇಕು ಕೆಟ್ಟದ್ದು ಅಂತ ಅಲ್ಲ. ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಅದರಲ್ಲೇ, ಯಾಕೆಂದರೆ ಬ್ರೇಕು ಹಾಕಿದಾಗ ಮೈಭಾರ ಮುಂದಕ್ಕೆ ಬರುತ್ತದೆ. ಆದರೆ ಅದನ್ನು ಹಿಡಿಯಬೇಕಾದದ್ದು ತಿರುವಿಗೆ ಮುಂಚೆ, ಸೈಕಲ್ ನೇರವಾಗಿ ಇರುವಾಗ. ತಿರುವಿಗೆ ಬಂದ ಮೇಲೆ ಬಿಡಬೇಕು, ಕಣ್ಣು ತಿರುವು ಮುಗಿಯುವ ಕಡೆ ಇರಬೇಕು. ನೇರ ಇಳಿಯುವಾಗ ಎರಡು ಪೆಡಲೂ ಸಮ, ಸೀಟಿನಿಂದ ಕುಂಡೆ ಎತ್ತಿ ಸ್ವಲ್ಪ ಹಿಂದಕ್ಕೆ, ಮೊಣಕೈ ಸಡಿಲ, ಬ್ರೇಕಿನ ಮೇಲೆ ಒಂದೇ ಬೆರಳು. ಇದೆಲ್ಲ ಓದಿಕೊಂಡಿದ್ದೆ. ಓದಿದ್ದು ಜಲ್ಲಿ ಮೇಲೆ ನೆನಪಿಗೆ ಬರುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಈ ಆಟದ ಹುಚ್ಚರು ಹಳೇ ಸೈಕಲ್‌ಗಳಲ್ಲಿ ಒಂದು ಬೆಟ್ಟದಿಂದ ಕೆಳಗೆ ರೇಸು ಶುರು ಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಬ್ರೇಕು ಕಾದು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲ ಬಿಚ್ಚಿ ಹೊಸದಾಗಿ ತುಂಬಬೇಕಿತ್ತು. ಅದಕ್ಕೇ ಆ ರೇಸಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬುವುದು, ಅಂತಲೇ ಹೆಸರು. ಇದನ್ನು ಓದಿದ ಮೇಲೆ ನನಗೆ ಸ್ವಲ್ಪ ಸಮಾಧಾನ ಆಯಿತು. ಇಳಿಜಾರಿನಲ್ಲಿ ಬ್ರೇಕು ಸುಟ್ಟವರ ವಂಶ ದೊಡ್ಡದು.

ಎರಡನೇ ಲ್ಯಾಪಿನಲ್ಲಿ ಅದೇ ತಿರುವಿನಲ್ಲಿ ಇಳಿದು ಸೈಕಲ್ ಹಿಡಿದು ಓಡಿದೆ. ನಿಯಮದಲ್ಲಿ ಅದಕ್ಕೆ ಅಡ್ಡಿ ಇಲ್ಲ, ನಿಜ ಹೇಳಬೇಕೆಂದರೆ ನಾನು ಮೊದಲ ಸಲ ಬಿದ್ದು ಎದ್ದು ಹೋದದ್ದಕ್ಕಿಂತ ಅದೇ ಬೇಗ ಆಯಿತು. ಮೂರನೆಯದರಲ್ಲೂ ಹಾಗೇ. 44 ಜನರಲ್ಲಿ 31ನೆಯವನಾಗಿ ಮುಗಿಸಿದೆ. ಮಜ್ಜಿಗೆ ಕೊಟ್ಟರು, ಮೂರು ಲೋಟ ಕುಡಿದೆ.

ಬಹುಮಾನ ಕೊಡುತ್ತಿರುವಾಗ ಆ ತಿರುವೇ ತಲೆಯಲ್ಲಿ ಇತ್ತು. ಎದ್ದು, ಸೀಟನ್ನು ಒಂದು ಇಂಚು ತಗ್ಗಿಸಿ, ಸೈಕಲ್ ತಳ್ಳಿಕೊಂಡು ಮೇಲೆ ಹೋದೆ. ಮೊದಲ ಸಲ ಕಾಲು ಊರಿದೆ. ಎರಡನೇ ಸಲ ಬಂಡೆ ನೋಡಲ್ಲ, ನೋಡಲ್ಲ ಅಂತ ಬಾಯಲ್ಲಿ ಹೇಳಿಕೊಂಡು ಬಂದು ನೋಡಿಯೇಬಿಟ್ಟೆ. ಮೂರನೇ ಸಲ ತಿರುವಿನ ಆಚೆ, ದಾರಿ ಗುರುತಿಗೆ ಕಟ್ಟಿದ್ದ ಟೇಪ್ ಬಿಚ್ಚುತ್ತಿದ್ದ ಹುಡುಗನ ಹಳದಿ ಟೀ ಶರ್ಟ್ ಕಾಣಿಸಿತು, ಅದನ್ನೇ ನೋಡುತ್ತಾ ಬ್ರೇಕು ಬಿಟ್ಟೆ. ಸೈಕಲ್ ತಾನಾಗಿಯೇ ತಿರುಗಿ ಅವನ ಮುಂದೆ ಹೋಗಿ ನಿಂತಿತು.

"ಸಾರ್, ರೇಸ್ ಮುಗಿದು ಒಂದು ಗಂಟೆ ಆಯ್ತು" ಅಂದ.

"ಗೊತ್ತು ಕಣಪ್ಪ, ಇನ್ನೊಂದು ಐದು ನಿಮಿಷ ಅಲ್ಲೇ ನಿಂತಿರ್ತೀಯಾ?" ಅಂದೆ.